ನಿವೇದನೆಯ ಭಾರ: ರಮೋನ್ ಸೆಂದೆರ್‌ನ ಬದುಕು ಮತ್ತು ಕಾದಂಬರಿಗಳಲ್ಲಿ ಸ್ಪೇನಿನ ಅಂತರ್ಯುದ್ಧ

1. ಪ್ರವೇಶ

ಇಪ್ಪತ್ತನೆಯ ಶತಮಾನದ ಯುರೋಪಿನ ಸಾಹಿತ್ಯವನ್ನು ಕುರಿತು ಆಲೋಚಿಸುವವರಿಗೆ ಸ್ಪೇನಿನ ಅಂತರ್ಯುದ್ಧ (1936–39) ಮತ್ತೆ ಮತ್ತೆ ಎದುರಾಗುವ ಘಟನೆ. ಇಂಗ್ಲಿಷಿನ ಮೂಲಕ ಲೋಕಸಾಹಿತ್ಯವನ್ನು ಓದುವ ಕನ್ನಡದ ಓದುಗರಿಗೆ ಈ ಯುದ್ಧ ಪರಿಚಿತವಾದದ್ದು ಬಹುಮಟ್ಟಿಗೆ ಹೊರಗಿನಿಂದ ಅಲ್ಲಿಗೆ ಹೋದವರ ಬರಹಗಳಿಂದ. ಜಾರ್ಜ್ ಆರ್ವೆಲ್, ಅರ್ನೆಸ್ಟ್ ಹೆಮಿಂಗ್ವೇ, ಆಂದ್ರೆ ಮಾಲ್ರೋ ಇವರ ಕೃತಿಗಳು ಈ ಸಂದರ್ಭದಲ್ಲಿ ಕೂಡಲೇ ನೆನಪಿಗೆ ಬರುತ್ತವೆ. ಯುದ್ಧದ ಆರಂಭದಲ್ಲಿಯೇ, 1936ರ ಆಗಸ್ಟ್‌ನಲ್ಲಿ, ಗ್ರನಾದದ ಬಳಿ ಕೊಲೆಯಾದ ಕವಿ ಲೋರ್ಕಾನ ಹೆಸರು ಆ ಯುದ್ಧದ ಸಂಕೇತವಾಗಿಯೇ ನಿಂತುಬಿಟ್ಟಿದೆ. ಆದರೆ ಈ ಯುದ್ಧವನ್ನು ತಮ್ಮ ಊರು, ಮನೆ, ಮಕ್ಕಳ ನಡುವೆ ಅನುಭವಿಸಿ, ಅನಂತರದ ದಶಕಗಳನ್ನು ಪರದೇಶಗಳಲ್ಲಿ ಕಳೆದು, ಆ ಅನುಭವಕ್ಕೆ ತಕ್ಕ ರೂಪವೊಂದನ್ನು ಹುಡುಕುತ್ತಲೇ ಬರೆದ ಸ್ಪ್ಯಾನಿಷ್ ಕಾದಂಬರಿಕಾರರ ಕಡೆಗೆ ನಮ್ಮ ಗಮನ ಹರಿದದ್ದು ಕಡಿಮೆ. ಅಂಥವರಲ್ಲಿ ಪ್ರಮುಖನಾದವನು ರಮೋನ್ ಹೋಸೆ ಸೆಂದೆರ್ (1901–1982).

ಸೆಂದೆರ್ ವಿಪುಲವಾಗಿ ಬರೆದವನು. ಅವನ ಬರವಣಿಗೆಯೆಲ್ಲವೂ ಒಂದೇ ಮಟ್ಟದ್ದಲ್ಲ ಎಂಬುದನ್ನು ಅವನನ್ನು ಮೆಚ್ಚುವ ವಿಮರ್ಶಕರೂ ಒಪ್ಪುತ್ತಾರೆ. ಪ್ರಸ್ತುತ ಲೇಖನವು ಅವನ ಸಮಗ್ರ ಸಾಹಿತ್ಯದ ಸಮೀಕ್ಷೆಯಲ್ಲ. ಅವನ ಬದುಕಿನ ಮುಖ್ಯ ಘಟನೆಗಳನ್ನು ಹಿನ್ನೆಲೆಯಾಗಿಟ್ಟುಕೊಂಡು, ಅವನ ಕೃತಿಗಳಲ್ಲಿ ಉದ್ದಕ್ಕೂ ಕಾಣಿಸಿಕೊಳ್ಳುವ ಒಂದು ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ. ಆ ಪ್ರಶ್ನೆಯೆಂದರೆ ನಿವೇದನೆಯದು. ತಪ್ಪೊಪ್ಪಿಗೆಯನ್ನು ಯಾರು ಯಾರಿಂದ ಪಡೆಯುತ್ತಾರೆ? ಅದನ್ನು ಕೇಳುವ ಅಧಿಕಾರ ಯಾರಿಗಿದೆ? ಮಾಡದ ತಪ್ಪಿಗೆ ಒಪ್ಪಿಗೆ ಪಡೆಯುವ ವ್ಯವಸ್ಥೆಯಲ್ಲಿ, ನಿಜವಾಗಿ ತಪ್ಪು ಮಾಡಿದವನು ತನ್ನ ಮಾತನ್ನು ಯಾರ ಮುಂದೆ ಇಡಬೇಕು? ಪೊಲೀಸ್ ಠಾಣೆಯ ತಪ್ಪೊಪ್ಪಿಗೆ, ಪಾದ್ರಿಯ ಮುಂದಿನ ಪಾಪನಿವೇದನೆ, ಬರಹಗಾರನ ಆತ್ಮಕಥನ ಇವು ಮೂರೂ ಸೆಂದೆರ್‌ನಲ್ಲಿ ಒಂದನ್ನೊಂದು ಬೆಳಗುತ್ತವೆ. ಅವನ ಅತ್ಯುತ್ತಮ ಕಿರುಕಾದಂಬರಿಯಾದ 'ಸ್ಪೇನಿನ ರೈತನೊಬ್ಬನಿಗೆ ರೆಕ್ವಿಯೆಂ' ಈ ಮೂರೂ ಎಳೆಗಳು ಕೂಡುವ ಜಾಗ ಎಂಬುದು ಈ ಲೇಖನದ ಪ್ರತಿಪಾದನೆ.

2. ಬದುಕಿನ ಹಿನ್ನೆಲೆ

ಸೆಂದೆರ್ ಹುಟ್ಟಿದ್ದು 1901ರ ಫೆಬ್ರವರಿ 3ರಂದು, ಈಶಾನ್ಯ ಸ್ಪೇನಿನ ಅರಗಾನ್ ಪ್ರಾಂತದ ಉವೆಸ್ಕಾ ಸೀಮೆಗೆ ಸೇರಿದ ಚಲಮೇರಾ ಎಂಬ ಸಣ್ಣ ಹಳ್ಳಿಯಲ್ಲಿ. ಬಾಲ್ಯ ಕಳೆದದ್ದು ಸಿಂಕಾ ನದಿಯ ದಡದ ಊರುಗಳಲ್ಲಿ. ಒಣಭೂಮಿ, ದೊಡ್ಡ ಹಿಡುವಳಿದಾರರು, ಗೇಣಿಗೆ ಉಳುವ ರೈತರು, ಊರಿನ ನಡುವೆ ಇಗರ್ಜಿ ಇವುಗಳಿಂದ ಕೂಡಿದ ಈ ಲೋಕವು ಅವನ ಕಲ್ಪನೆಯನ್ನು ಕೊನೆಯವರೆಗೂ ಬಿಡಲಿಲ್ಲ. 1922ರಿಂದ 24ರವರೆಗೆ ಅವನು ಮೊರಾಕ್ಕೋದಲ್ಲಿ ಸೈನಿಕ ಸೇವೆ ಸಲ್ಲಿಸಿದನು. ಅದಕ್ಕೆ ಸ್ವಲ್ಪ ಮುಂಚೆ, 1921ರಲ್ಲಿ, ಆನ್ವಾಲ್ ಎಂಬಲ್ಲಿ ಸ್ಪೇನಿನ ಸೈನ್ಯ ರೀಫ್ ಪರ್ವತಪ್ರದೇಶದ ಜನರ ಕೈಯಲ್ಲಿ ಭೀಕರ ಸೋಲನ್ನು ಅನುಭವಿಸಿ ಸಾವಿರಾರು ಸೈನಿಕರನ್ನು ಕಳೆದುಕೊಂಡಿತ್ತು. ಮರಳಿ ಬಂದ ಮೇಲೆ ಸೆಂದೆರ್ ಮ್ಯಾಡ್ರಿಡ್‌ನ 'ಎಲ್ ಸೋಲ್' ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದನು. ಅರಾಜಕತಾವಾದಿ ಕಾರ್ಮಿಕ ಚಳವಳಿಯ ಜೊತೆ ಅವನಿಗೆ ನಿಕಟ ಸಂಬಂಧವಿತ್ತು. ಮುಂದೆ ಅವನು ಕಮ್ಯುನಿಸ್ಟರ ಸಮೀಪಕ್ಕೆ ಬಂದನು, 1933ರಲ್ಲಿ ಸೋವಿಯತ್ ಒಕ್ಕೂಟಕ್ಕೂ ಹೋಗಿಬಂದನು. 'ಮಿಸ್ಟರ್ ವಿಟ್ ಎನ್ ಎಲ್ ಕಂತೋನ್' ಎಂಬ ಐತಿಹಾಸಿಕ ಕಾದಂಬರಿಗೆ 1935ರ ರಾಷ್ಟ್ರೀಯ ಸಾಹಿತ್ಯ ಪ್ರಶಸ್ತಿ ಸಂದಿತು. ಅಂದರೆ ಯುದ್ಧ ಆರಂಭವಾದಾಗ ಅವನು ತನ್ನ ತಲೆಮಾರಿನ ಮುಂಚೂಣಿಯ ಗದ್ಯಲೇಖಕರಲ್ಲಿ ಒಬ್ಬನಾಗಿದ್ದನು.

1936ರ ಜುಲೈನಲ್ಲಿ ಸೇನಾ ದಂಗೆ ಆರಂಭವಾದಾಗ ಸೆಂದೆರ್ ಪತ್ನಿ ಅಂಪಾರೊ ಬರಯೋನ್ ಮತ್ತು ಇಬ್ಬರು ಎಳೆಯ ಮಕ್ಕಳೊಡನೆ ಮ್ಯಾಡ್ರಿಡ್‌ನ ಉತ್ತರಕ್ಕಿರುವ ಗ್ವಾದರ್ರಾಮ ಬೆಟ್ಟಸಾಲಿನ ಸಾನ್ ರಫಾಯೇಲ್‌ನಲ್ಲಿ ಬೇಸಿಗೆ ಕಳೆಯುತ್ತಿದ್ದನು. ಅವನು ಬೆಟ್ಟ ದಾಟಿ ಗಣರಾಜ್ಯದ ಪಡೆಗಳನ್ನು ಸೇರಿಕೊಂಡನು. ಮಕ್ಕಳೊಂದಿಗೆ ತವರೂರಾದ ಸಮೋರಾಕ್ಕೆ ಹೋಗುವುದೇ ಕ್ಷೇಮವೆಂದು ಅಂಪಾರೊ ಅಲ್ಲಿಗೆ ತೆರಳಿದಳು. ಸಮೋರಾ ಆಗಲೇ ದಂಗೆಕೋರರ ವಶದಲ್ಲಿತ್ತು. ಆಕೆಯನ್ನು ಸೆರೆಮನೆಗೆ ಹಾಕಿದರು, ಹಸುಗೂಸನ್ನು ಆಕೆಯಿಂದ ಕಿತ್ತುಕೊಂಡರು, ಅಕ್ಟೋಬರ್ ತಿಂಗಳಿನಲ್ಲಿ ಊರಿನ ಸ್ಮಶಾನದಲ್ಲಿ ಗುಂಡಿಟ್ಟು ಕೊಂದರು. ಇಗರ್ಜಿಯಲ್ಲಿ ಮದುವೆಯಾಗದೆ ನಾಗರಿಕ ವಿವಾಹವನ್ನಷ್ಟೇ ಮಾಡಿಕೊಂಡಿದ್ದಳೆಂಬ ಕಾರಣಕ್ಕೆ, ಸಾಯುವ ಮುನ್ನ ಆಕೆಗೆ ಪಾದ್ರಿ ಪಾಪಕ್ಷಮೆಯನ್ನು ನಿರಾಕರಿಸಿದನೆಂಬುದು ದಾಖಲಾಗಿರುವ ಸಂಗತಿ. ಇದಕ್ಕೆ ಕೆಲವೇ ವಾರಗಳ ಹಿಂದೆ, ಆಗಸ್ಟ್‌ನಲ್ಲಿ, ಉವೆಸ್ಕಾ ನಗರದ ಮೇಯರ್ ಆಗಿದ್ದ ಸೆಂದೆರ್‌ನ ತಮ್ಮ ಮನುಯೇಲ್‌ನನ್ನೂ ಗುಂಡಿಟ್ಟು ಕೊಲ್ಲಲಾಗಿತ್ತು.

ರೆಡ್ ಕ್ರಾಸ್‌ನ ನೆರವಿನಿಂದ ಮಕ್ಕಳನ್ನು ಮರಳಿ ಪಡೆದ ಸೆಂದೆರ್ 1939ರಲ್ಲಿ ಅವರೊಂದಿಗೆ ಅಮೆರಿಕ ಖಂಡವನ್ನು ಸೇರಿದನು. ಮಕ್ಕಳು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬೇರೆ ಕುಟುಂಬದಲ್ಲಿ ಬೆಳೆದರು. ಅವನು ಮೆಕ್ಸಿಕೋಗೆ ಹೋದನು, ಅನಂತರ ತಾನೂ ಅಮೆರಿಕದಲ್ಲಿಯೇ ನೆಲೆ ನಿಂತು 1946ರಲ್ಲಿ ಅಲ್ಲಿನ ಪೌರತ್ವ ಪಡೆದನು. 1947ರಿಂದ 1963ರವರೆಗೆ ಅಲ್ಬುಕರ್ಕಿಯ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಸಾಹಿತ್ಯವನ್ನು ಬೋಧಿಸಿದನು. ಸ್ಪೇನಿನ ನೆಲವನ್ನು ಅವನು ಮತ್ತೆ ಮೆಟ್ಟಿದ್ದು 1974ರಲ್ಲಿ. 1982ರ ಜನವರಿ 16ರಂದು ಸಾನ್ ಡಿಯೇಗೋದಲ್ಲಿ ತೀರಿಕೊಂಡನು. ಅವನ ಚಿತಾಭಸ್ಮವನ್ನು ಪೆಸಿಫಿಕ್ ಸಾಗರದಲ್ಲಿ ವಿಸರ್ಜಿಸಲಾಯಿತು.

ಈ ವಿವರಗಳನ್ನು ಇಲ್ಲಿ ಕೊಟ್ಟಿರುವುದು ಕೃತಿಗಳನ್ನು ಜೀವನಚರಿತ್ರೆಯ ನೆರಳಾಗಿ ಓದಬೇಕೆಂಬ ಉದ್ದೇಶದಿಂದಲ್ಲ. ಇಷ್ಟು ದೊಡ್ಡ ಹಾನಿಯನ್ನು ಅನುಭವಿಸಿದ ಲೇಖಕನೊಬ್ಬ ಅದನ್ನು ನೇರವಾಗಿ ಹೇಳದೆ ಬೇರೊಂದು ದಾರಿ ಹಿಡಿದನೆಂಬುದೇ ವಿಮರ್ಶೆಯ ದೃಷ್ಟಿಯಿಂದ ಮುಖ್ಯವಾದುದು.

3. ಯುದ್ಧಪೂರ್ವದ ಬರಹಗಳು: ವರದಿಗಾರನ ಪಾಠ

ಸೆಂದೆರ್‌ನ ಮೊದಲ ಕಾದಂಬರಿ 'ಇಮಾನ್' (1930). ಆ ಪದಕ್ಕೆ 'ಅಯಸ್ಕಾಂತ' ಎಂದು ಅರ್ಥ. ಆನ್ವಾಲ್‌ನ ಸೋಲಿನ ನಡುವೆ ಸಿಕ್ಕಿಕೊಂಡ ವಿಯಾನ್ಸೆ ಎಂಬ ಸಾಮಾನ್ಯ ಸೈನಿಕನ ಕಥೆ ಇದು. ಗುಂಡು, ಹಸಿವು, ಬಾಯಾರಿಕೆ, ಮೇಲಧಿಕಾರಿಗಳ ಕ್ರೌರ್ಯ ಎಲ್ಲವೂ ಅಯಸ್ಕಾಂತಕ್ಕೆ ಬಂದು ಅಂಟಿಕೊಳ್ಳುವ ಕಬ್ಬಿಣದ ಚೂರುಗಳಂತೆ ಅವನ ಮೈಮೇಲೆಯೇ ಬಂದು ಬೀಳುತ್ತವೆ. ಸೇನೆಯ ಅಧಿಕೃತ ವರದಿಗಳಲ್ಲಿ ಸತ್ತವರ ಸಂಖ್ಯೆ ಸಿಗುತ್ತದೆ. ಕಾದಂಬರಿಯು ಆ ಸಂಖ್ಯೆಯೊಳಗಿನ ಒಬ್ಬನನ್ನು ಹೊರತೆಗೆದು ನಮ್ಮ ಮುಂದೆ ನಿಲ್ಲಿಸುತ್ತದೆ. ಈ ಕ್ರಮವನ್ನು ಸೆಂದೆರ್ ಪತ್ರಿಕಾವೃತ್ತಿಯಿಂದ ಕಲಿತನೆನ್ನಬಹುದು.

1933ರ ಜನವರಿಯಲ್ಲಿ ಆಂದಲೂಸಿಯಾದ ಕಾಸಾಸ್ ವಿಯೇಹಾಸ್ ಎಂಬ ಹಳ್ಳಿಯಲ್ಲಿ ಭೂಹೀನ ಕೂಲಿಗಳು ಬಂಡೆದ್ದಾಗ ಪೊಲೀಸ್ ಪಡೆಯು ಒಂದು ಗುಡಿಸಲಿಗೆ ಬೆಂಕಿ ಹಚ್ಚಿ ಒಳಗಿದ್ದವರನ್ನು ಕೊಂದಿತು, ಆಮೇಲೆ ಊರಿನಲ್ಲಿ ಕೈಗೆ ಸಿಕ್ಕವರನ್ನು ಹಿಡಿದು ತಂದು ಗುಂಡಿಕ್ಕಿತು. ಸೆಂದೆರ್ ಅಲ್ಲಿಗೆ ಹೋಗಿ ಬರೆದ ವರದಿಗಳು ಗಣರಾಜ್ಯದ ಸರ್ಕಾರವನ್ನೇ ಅಲುಗಾಡಿಸಿದ ವಿವಾದದ ಭಾಗವಾದುವು. 1934ರಲ್ಲಿ ಅವು 'ಅಪರಾಧದ ಹಳ್ಳಿಗೆ ಪಯಣ' ಎಂಬ ಅರ್ಥದ ಶೀರ್ಷಿಕೆಯಲ್ಲಿ ಪುಸ್ತಕರೂಪ ಪಡೆದುವು. ಇಲ್ಲಿ ಒಂದು ಅಂಶ ಗಮನಾರ್ಹ. ಹಳ್ಳಿಯ ಬಡವರನ್ನು ಕೊಂದದ್ದು ಗಣರಾಜ್ಯದ ಪೊಲೀಸರು. ತಾನು ಸಮರ್ಥಿಸಬೇಕಾದ ವ್ಯವಸ್ಥೆಯ ಅಪರಾಧವನ್ನೂ ದಾಖಲಿಸುವ ಈ ಗುಣ ಮುಂದೆ ಅವನನ್ನು ಎಲ್ಲ ಪಕ್ಷಗಳಿಂದಲೂ ದೂರ ಮಾಡಿತು.

ನಿವೇದನೆಯ ಪ್ರಶ್ನೆ ಮೊದಲು ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಇನ್ನೊಂದು ಪ್ರಕರಣದಲ್ಲಿ. 'ಕುವೆಂಕಾದ ಅಪರಾಧ' ಎಂದೇ ಸ್ಪೇನಿನಲ್ಲಿ ಹೆಸರಾದ ಈ ಪ್ರಕರಣದಲ್ಲಿ, 1910ರಲ್ಲಿ ಕಾಣೆಯಾದ ಒಬ್ಬ ಕುರುಬನನ್ನು ಕೊಂದರೆಂದು ಇಬ್ಬರನ್ನು ಹಿಡಿದು, ಚಿತ್ರಹಿಂಸೆ ಕೊಟ್ಟು, ಅವರಿಂದ ತಪ್ಪೊಪ್ಪಿಗೆ ಪಡೆದು ಸೆರೆಗೆ ಕಳುಹಿಸಲಾಗಿತ್ತು. 1926ರಲ್ಲಿ 'ಸತ್ತವನು' ಜೀವಂತನಾಗಿ ಪ್ರತ್ಯಕ್ಷನಾದನು. ಸೆಂದೆರ್ ಈ ಪ್ರಕರಣದ ಬಗ್ಗೆ ಆಗಲೇ ವರದಿ ಮಾಡಿದ್ದನು. ಯುದ್ಧ ಮುಗಿದ 1939ರಲ್ಲಿ, ಮೆಕ್ಸಿಕೋದಲ್ಲಿ, ಇದನ್ನೇ ಆಧರಿಸಿ 'ಮನುಷ್ಯನ ಜಾಗ' ಎಂಬ ಅರ್ಥದ ಶೀರ್ಷಿಕೆಯ ಕಾದಂಬರಿಯನ್ನು ಪ್ರಕಟಿಸಿದನು. ಊರಿನಲ್ಲಿ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಸಬೀನೊ ಎಂಬ ಬಡಪಾಯಿ ಕಾಣೆಯಾಗುತ್ತಾನೆ. ಅವನು ಇದ್ದಾಗ ಅವನಿಗೆ ಜಾಗವಿರಲಿಲ್ಲ. ಅವನು ಇಲ್ಲವಾದ ಜಾಗ ಮಾತ್ರ ಇಡೀ ಊರನ್ನು ಒಡೆಯುತ್ತದೆ. ಆಗದ ಕೊಲೆಗೆ ಇಬ್ಬರಿಂದ ಒಪ್ಪಿಗೆ ಪಡೆಯಲಾಗುತ್ತದೆ. ಇಲ್ಲಿ ಒಪ್ಪಿಗೆಯೆಂಬುದು ಸತ್ಯವನ್ನು ಹೊರತರುವ ಸಾಧನವಾಗಿ ಉಳಿದಿಲ್ಲ. ಅಧಿಕಾರಕ್ಕೆ ಬೇಕಾದ ಉತ್ತರವನ್ನು ಬಡವನ ಬಾಯಿಂದ ಹೇಳಿಸುವ ಯಂತ್ರವಾಗಿದೆ. ಸ್ಪೇನಿನ ಹಳ್ಳಿಯೊಂದರ ಹಳೆಯ ಪ್ರಕರಣವನ್ನು ಸೆಂದೆರ್ ಸೋಲಿನ ವರ್ಷದಲ್ಲಿಯೇ ಮತ್ತೆ ಎತ್ತಿಕೊಂಡದ್ದು ಆಕಸ್ಮಿಕವೆನಿಸುವುದಿಲ್ಲ.

4. 'ರೆಕ್ವಿಯೆಂ': ಪಾದ್ರಿಯ ನೆನಪಿನೊಳಗೆ ರೈತನ ಸಾವು

1953ರಲ್ಲಿ ಮೆಕ್ಸಿಕೋದಲ್ಲಿ 'ಮೊಸೆನ್ ಮಿಲ್ಯಾನ್' ಎಂಬ ಹೆಸರಿನಲ್ಲಿ ಪ್ರಕಟವಾದ ಕಿರುಕಾದಂಬರಿಯು 1960ರಲ್ಲಿ ನ್ಯೂಯಾರ್ಕ್‌ನಲ್ಲಿ ಮರುಮುದ್ರಣವಾದಾಗ 'ಸ್ಪೇನಿನ ರೈತನೊಬ್ಬನಿಗೆ ರೆಕ್ವಿಯೆಂ' ಎಂಬ ಹೊಸ ಹೆಸರನ್ನು ಪಡೆಯಿತು. 'ಮೊಸೆನ್' ಎಂಬುದು ಅರಗಾನ್ ಮತ್ತು ಕತಲೋನಿಯಾ ಸೀಮೆಗಳಲ್ಲಿ ಪಾದ್ರಿಗಳಿಗೆ ಸಲ್ಲುವ ಗೌರವವಾಚಕ. ಮೊದಲ ಹೆಸರು ಪಾದ್ರಿಯದು, ಎರಡನೆಯದು ಅವನಿಂದಾಗಿ ಸತ್ತ ರೈತನದು. ಈ ಬದಲಾವಣೆಯೇ ಕೃತಿಯ ಒಳಗಿನ ಬಿಕ್ಕಟ್ಟನ್ನು ಸೂಚಿಸುತ್ತದೆ. ಕಥೆ ರೈತನದು, ಆದರೆ ಅದು ನಮಗೆ ಸಿಗುವುದು ಪಾದ್ರಿಯ ನೆನಪಿನಲ್ಲಿ ಮಾತ್ರ.

ಕೃತಿಯ ಹೊರ ಆವರಣ ಬಹಳ ಸರಳವಾದುದು. ಪಾಕೊ ಎಂಬ ತರುಣ ರೈತ ಸತ್ತು ವರ್ಷ ತುಂಬಿದೆ. ಅವನ ಆತ್ಮಶಾಂತಿಗಾಗಿ ಮೊಸೆನ್ ಮಿಲ್ಯಾನ್ ಬಲಿಪೂಜೆ ಏರ್ಪಡಿಸಿ, ಜನ ಬರಲೆಂದು ಪೂಜಾವಸ್ತ್ರಗಳ ಕೋಣೆಯಲ್ಲಿ ಕಾಯುತ್ತ ಕುಳಿತಿದ್ದಾನೆ. 51 ವರ್ಷಗಳಿಂದ ಹೇಳಿ ಹೇಳಿ ರೂಢಿಯಾದ ಪ್ರಾರ್ಥನೆ ತನ್ನಷ್ಟಕ್ಕೆ ತುಟಿಯ ಮೇಲೆ ಬರುತ್ತಿರುತ್ತದೆ; ಮನಸ್ಸು ಬೇರೆಲ್ಲೋ ಇದೆ. ಪೂಜೆಗೆ ನೆರವಾಗುವ ಹುಡುಗ ಆಗಾಗ ಒಳಗೆ ಬಂದು ಯಾರೂ ಬಂದಿಲ್ಲವೆಂದು ತಿಳಿಸಿ ಹೋಗುತ್ತಾನೆ. ಈ ಅರ್ಧ ಗಂಟೆಯಷ್ಟು ಕಾಲದೊಳಗೆ ಪಾಕೊವಿನ ಇಡೀ ಬದುಕು ಪಾದ್ರಿಯ ನೆನಪಿನಲ್ಲಿ ಹಾದುಹೋಗುತ್ತದೆ. ಆ ನೆನಪು ಸಂಸ್ಕಾರಗಳ ಕ್ರಮವನ್ನೇ ಹಿಡಿದು ಸಾಗುತ್ತದೆ. ದೀಕ್ಷಾಸ್ನಾನ ಕೊಟ್ಟವನು ತಾನೇ, ಇಗರ್ಜಿಯಲ್ಲಿ ಸೇವೆಗೆ ಇಟ್ಟುಕೊಂಡವನು ತಾನೇ, ಮದುವೆ ಮಾಡಿಸಿದವನೂ ಕೊನೆಯ ಪಾಪನಿವೇದನೆಯನ್ನು ಕೇಳಿದವನೂ ತಾನೇ. ದೀಕ್ಷಾಸ್ನಾನದ ದಿನದ ಊಟದ ವಾಸನೆ ಕೂಡ, ಪೂಜೆಗಾಗಿ ಉಪವಾಸವಿರುವ ಪಾದ್ರಿಯ ಮೂಗಿಗೆ ವರ್ಷಗಳ ಆಚೆಯಿಂದ ಬಂದು ತಾಕುತ್ತದೆ. ಪಾದ್ರಿಗೆ ಪಾಕೊವಿನ ಮೇಲಿರುವ ಪ್ರೀತಿ ನಟನೆಯಲ್ಲ ಎಂಬುದನ್ನು ಇಂಥ ವಿವರಗಳು ಖಚಿತಪಡಿಸುತ್ತವೆ.

ಕೃತಿಯ ನೈತಿಕ ಕೇಂದ್ರವಿರುವುದು ಗುಹೆಗಳ ಸನ್ನಿವೇಶದಲ್ಲಿ. ಊರಿನ ಕಡುಬಡವರು ವಾಸಿಸುವ ಗುಹೆಯೊಂದಕ್ಕೆ, ಸಾಯುತ್ತಿರುವವನಿಗೆ ಕೊನೆಯ ಸಂಸ್ಕಾರ ಕೊಡಲು ಹೋಗುವಾಗ ಪಾದ್ರಿ ಬಾಲಕ ಪಾಕೊವನ್ನು ಜೊತೆಗೆ ಕರೆದೊಯ್ಯುತ್ತಾನೆ. ಅಲ್ಲಿ ಬೆಂಕಿಯಿಲ್ಲ, ನೀರಿಲ್ಲ, ಸರಿಯಾದ ಗಾಳಿಯೂ ಇಲ್ಲ. ಪಾದ್ರಿ ವಿಧಿಯನ್ನು ಮುಗಿಸಿ ಹೊರಡಲು ಆತುರಪಡುತ್ತಾನೆ. ಹುಡುಗನಿಗೆ ಆ ಮನುಷ್ಯ ಸಾಯುತ್ತಿರುವುದಕ್ಕಿಂತ ಅವನ ಬಳಿ ಯಾರೂ ಇಲ್ಲದಿರುವುದೇ ಅರ್ಥವಾಗದ ಸಂಗತಿ. ಸೆರೆಮನೆಯಲ್ಲಿರುವ ಅವರ ಮಗ ಕೆಟ್ಟವನಿರಲಾರ, ಕೆಟ್ಟವನಾಗಿದ್ದರೆ ಕದ್ದಾದರೂ ಹೆತ್ತವರ ಕೈಗೆ ದುಡ್ಡು ಕೊಡುತ್ತಿದ್ದನೆಂದು ಹುಡುಗ ತರ್ಕಿಸುತ್ತಾನೆ. ಪಾದ್ರಿಯ ಬಳಿ ಇದಕ್ಕೆ ಉತ್ತರವಿಲ್ಲ. ಪಾಕೊ ಮುಂದೆ ರಾಜಕೀಯಕ್ಕೆ ಇಳಿಯುವುದು ಯಾವ ಪುಸ್ತಕವನ್ನೂ ಓದಿ ಅಲ್ಲ. ಇಗರ್ಜಿಯ ಸೇವೆಗೆ ಹೋದಾಗ ಕಂಡ ಈ ದೃಶ್ಯದಿಂದ. ಪಾದ್ರಿಯೇ ತೋರಿಸಿದ ಬಡತನವನ್ನು ಶಿಷ್ಯ ಮರೆಯಲಿಲ್ಲ, ಗುರು ಮರೆತನು. ಇವರಿಬ್ಬರ ನಡುವಿನ ಬಿರುಕು ಆರಂಭವಾಗುವುದು ಇಲ್ಲಿಂದಲೇ.

1931ರಲ್ಲಿ ರಾಜ ದೇಶ ಬಿಟ್ಟು ಗಣರಾಜ್ಯ ಬಂದಾಗ ಪಾಕೊ ಊರಿನ ಆಡಳಿತಕ್ಕೆ ಆಯ್ಕೆಯಾಗುತ್ತಾನೆ. ದೂರದಲ್ಲಿರುವ ಡ್ಯೂಕ್‌ನಿಗೆ ಐದು ಹಳ್ಳಿಗಳು ಹುಲ್ಲುಗಾವಲಿಗಾಗಿ ಸಲ್ಲಿಸುತ್ತ ಬಂದ ಗೇಣಿಯನ್ನು ನಿಲ್ಲಿಸಲು ಮುಂದಾಗುತ್ತಾನೆ. ಡ್ಯೂಕ್‌ನ ಕಾರಭಾರಿ ದೊನ್ ವಲೇರಿಯಾನೊ ಊರು ಬಿಡುತ್ತಾನೆ. 1936ರ ಜುಲೈನಲ್ಲಿ ನಗರದಿಂದ ಪಿಸ್ತೂಲು ಹಿಡಿದ ತರುಣರು ಬರುತ್ತಾರೆ, ಕೊಲೆಗಳು ಆರಂಭವಾಗುತ್ತವೆ. ಊರಿನ ಹೆಂಗಸರು ನೂಲುತ್ತ, ಮಾತನಾಡುತ್ತ ಕೂರುವ ಬಿಸಿಲಿನ ತಾಣದ ಮೇಲೂ ಗುಂಡು ಹಾರುತ್ತದೆ. ತಲೆಮರೆಸಿಕೊಂಡ ಪಾಕೊ ಎಲ್ಲಿದ್ದಾನೆಂಬುದನ್ನು ಪಾದ್ರಿ, ತನಗೆ ಮೊದಲೇ ಗೊತ್ತಿದೆಯೆಂಬ ಭಾವ ತೋರಿಸಿ, ಅವನ ತಂದೆಯ ಬಾಯಿಂದ ತಿಳಿದುಕೊಳ್ಳುತ್ತಾನೆ. ಬಂದೂಕುಧಾರಿಗಳ ನಾಯಕ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಕೇಳಿದಾಗ ಅದನ್ನು ಹೇಳಿಬಿಡುತ್ತಾನೆ. ಬಳಿಕ, ವಿಚಾರಣೆ ನಡೆಯುತ್ತದೆ, ಕೊಲ್ಲುವುದಿಲ್ಲ ಎಂಬ ಭರವಸೆಯನ್ನು ನಂಬಿ, ಪಾಕೊವನ್ನೂ ನಂಬಿಸಿ ಶರಣಾಗುವಂತೆ ಮಾಡುತ್ತಾನೆ.

ಪಾಕೊವಿನ ಕೊನೆಯ ಪಾಪನಿವೇದನೆ ನಡೆಯುವುದು ಸ್ಮಶಾನದ ಬಳಿ, ಸೆನ್ಯೋರ್ ಕಾಸ್ತುಲೊ ಎಂಬ ಸಿರಿವಂತನ ಕಾರಿನೊಳಗೆ. ಮದುವೆಯ ದಿನ ನವದಂಪತಿಗಳನ್ನು ರೈಲು ನಿಲ್ದಾಣಕ್ಕೆ ಕರೆದೊಯ್ದ ಕಾರು ಅದೇ. ತಾನು ಯಾವ ತಪ್ಪನ್ನೂ ಮಾಡಿಲ್ಲ, ತನ್ನೊಡನೆ ನಿಂತಿರುವ ಇನ್ನಿಬ್ಬರೂ ನಿರಪರಾಧಿಗಳು ಎನ್ನುತ್ತಾನೆ ಪಾಕೊ. ಪಾಪಗಳಿಗಾಗಿ ಪಶ್ಚಾತ್ತಾಪ ಪಡುವೆಯಾ ಎಂದು ಪಾದ್ರಿ ಕೇಳುತ್ತಾನೆ. ಆ ಪಾದ್ರಿಯ ಬಾಯಿಂದ ಪಾಕೊ ಅರ್ಥ ಮಾಡಿಕೊಳ್ಳಲಾಗದ ಮೊದಲ ಮಾತು ಅದು. ನಾಲ್ಕನೆಯ ಸಲ, ಯಾಂತ್ರಿಕವಾಗಿ, ಅದೇ ಪ್ರಶ್ನೆ ಬಂದಾಗ ಅವನು ಹೌದೆಂದು ತಲೆಯಾಡಿಸುತ್ತಾನೆ.

ಈ ತಲೆಯಾಡಿಸುವಿಕೆಯನ್ನು 'ಮನುಷ್ಯನ ಜಾಗ' ಕಾದಂಬರಿಯ ತಪ್ಪೊಪ್ಪಿಗೆಯ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಪೊಲೀಸರ ಹಿಂಸೆಯಿಂದ ಪಡೆದದ್ದನ್ನು ಇಲ್ಲಿ ಧರ್ಮದ ವಿಧಿಯು, ಪ್ರೀತಿಯ ಹೆಸರಿನಲ್ಲಿ, ಪಡೆಯುತ್ತದೆ. ಎರಡೂ ಕಡೆ ಒಪ್ಪಿಗೆ ಬರುವುದು ನಿರಪರಾಧಿಯಿಂದ. ಕೇಳುವವನು ಮಾತ್ರ ಯಾರಿಗೂ ಉತ್ತರ ಹೇಳಬೇಕಾಗಿಲ್ಲ. ಪಾದ್ರಿಯು ಪಾಪಕ್ಷಮೆ ನೀಡುತ್ತಾನೆ. ಅಂಪಾರೊಗೆ ಸಮೋರಾದಲ್ಲಿ ದೊರೆಯದ ಕ್ಷಮೆ ಪಾಕೊಗೆ ದೊರೆಯುತ್ತದೆ ಎಂದು ಜೀವನಚರಿತ್ರೆಯನ್ನು ಬಲ್ಲ ಓದುಗನಿಗೆ ಅನ್ನಿಸದಿರದು. ಆದರೆ ಕಾದಂಬರಿಯು ಆ ಕ್ಷಮೆಯ ಬೆಲೆಯನ್ನೇ ಪ್ರಶ್ನಿಸುತ್ತದೆ. ಕ್ಷಮೆಯ ಅಗತ್ಯವಿದ್ದವನು ಕ್ಷಮಿಸುವ ಸ್ಥಾನದಲ್ಲಿ ಕುಳಿತಿದ್ದಾನೆ. ಅವನ ನಿವೇದನೆಯನ್ನು ಕೇಳುವವರು ಕೃತಿಯೊಳಗೆ ಯಾರೂ ಇಲ್ಲ. ಪಾಕೊವಿನ ಗಡಿಯಾರ ಮತ್ತು ಕರವಸ್ತ್ರ ಅವನ ಬಳಿಯೇ ಉಳಿದಿವೆ. ಅವುಗಳನ್ನು ಆ ಮನೆಯವರಿಗೆ ತಲುಪಿಸುವ ಧೈರ್ಯ ಅವನಿಗೆ ಬಂದಿಲ್ಲ. ಇಡೀ ಕಥನವೇ ಈ ಪಾದ್ರಿ ಯಾರಿಗೂ ಹೇಳಲಾಗದೆ ತನ್ನೊಳಗೆ ಹೇಳಿಕೊಳ್ಳುವ ನಿವೇದನೆಯಾಗುತ್ತದೆ. ಅದನ್ನು ಕೇಳುವ ಸ್ಥಾನದಲ್ಲಿರುವವನು ಓದುಗ, ಮತ್ತು ಓದುಗನಿಗೆ ಪಾಪಕ್ಷಮೆ ನೀಡುವ ಅಧಿಕಾರವಿಲ್ಲ.

ಪಾದ್ರಿಯ ನೆನಪಿಗೆ ಎದುರಾಗಿ ಕೃತಿಯಲ್ಲಿ ಮತ್ತೊಂದು ದನಿಯಿದೆ. ಪಾಕೊವಿನ ಸಾವಿನ ಬಗ್ಗೆ ಊರವರು ಕಟ್ಟಿರುವ ಕಥನಗೀತೆಯ ತುಣುಕುಗಳನ್ನು ಪೂಜೆಯ ಹುಡುಗ ಗುನುಗುತ್ತಿರುತ್ತಾನೆ. 'ರೊಮಾನ್ಸೆ' ಎಂಬ ಈ ಸ್ಪ್ಯಾನಿಷ್ ಪ್ರಕಾರವು ಎಂಟು ಮಾತ್ರಾಸ್ಥಾನಗಳ ಸಾಲುಗಳಲ್ಲಿ, ಸರಿಸಾಲುಗಳ ಕೊನೆಗೆ ಸ್ವರಪ್ರಾಸವಿಟ್ಟು ಸಾಗುವ ಜನಪದ ಕಥನಕಾವ್ಯ. ನಮ್ಮ ಲಾವಣಿಗೆ ಹತ್ತಿರವಾದುದು. ಹುಡುಗ ನಡುನಡುವೆ ಸಾಲುಗಳನ್ನು ಮರೆಯುತ್ತಾನೆ. ಆದರೂ ಪಾದ್ರಿ ತನ್ನ ನೆನಪಿನಲ್ಲಿ ಮುಂದೂಡುತ್ತ ಬರುವ ಅಂತ್ಯವನ್ನು ಈ ಹಾಡು ಮೊದಲೇ ಹೇಳಿಬಿಟ್ಟಿರುತ್ತದೆ. ಬರೆದಿಡಲಾಗದ ಕಾಲದಲ್ಲಿ ಊರು ತನ್ನ ಸಾಕ್ಷ್ಯವನ್ನು ಹೀಗೆ ಕಾಪಾಡಿಕೊಂಡಿದೆ. ಪೂಜೆಗೆ ಊರವರಲ್ಲಿ ಒಬ್ಬರೂ ಬರುವುದಿಲ್ಲ. ಬರುವವರು ದೊನ್ ವಲೇರಿಯಾನೊ, ದೊನ್ ಗುಮೆರ್ಸಿಂದೊ, ಸೆನ್ಯೋರ್ ಕಾಸ್ತುಲೊ ಎಂಬ ಮೂವರು, ಪಾಕೊವಿನ ಸಾವಿನಲ್ಲಿ ಪಾಲುಳ್ಳವರು. ಪೂಜೆಯ ಖರ್ಚನ್ನು ತಾನೇ ಕೊಡುವುದಾಗಿ ಪ್ರತಿಯೊಬ್ಬನೂ ಮುಂದೆ ಬರುತ್ತಾನೆ, ಪಾದ್ರಿ ಒಪ್ಪುವುದಿಲ್ಲ. ಆ ಹೊತ್ತಿಗೆ ಇಗರ್ಜಿಯೊಳಗೆ ನುಗ್ಗುವುದು ಪಾಕೊವಿನ ಕುದುರೆಮರಿ. ಮೂವರು ಸಿರಿವಂತರು ಅದನ್ನು ಹಿಡಿಯಲಾಗದೆ ಒದ್ದಾಡುವ ಚಿತ್ರ ನಗೆಯನ್ನೂ ದಿಗಿಲನ್ನೂ ಒಟ್ಟಿಗೆ ಹುಟ್ಟಿಸುತ್ತದೆ. ಊರವರು ಬಾರದಿರುವುದೇ ಅವರ ತೀರ್ಪು. ಆ ತೀರ್ಪನ್ನು ಸೆಂದೆರ್ ಯಾರ ಬಾಯಿಂದಲೂ ಹೇಳಿಸುವುದಿಲ್ಲ.

5. ಭೂಪಟ ಮತ್ತು ಕಾದಂಬರಿ

ಈ ಕೃತಿಯನ್ನು ಚರ್ಚಿಸುವಾಗ ಎತ್ತಲೇಬೇಕಾದ ಒಂದು ಪ್ರಶ್ನೆಯಿದೆ. ಕಥೆ ನಡೆಯುವ ಹಳ್ಳಿಗೆ ಹೆಸರಿಲ್ಲ. ಆದರೆ ಅದು ಅರಗಾನ್‌ನ ಪೂರ್ವದ ಅಂಚಿನಲ್ಲಿ, ಲೇರಿದಾ ಸೀಮೆಯ ಗಡಿಯ ಬಳಿ ಇದೆಯೆಂಬುದು ಸ್ಪಷ್ಟ. ಅಂದರೆ ಅದು ಸೆಂದೆರ್‌ನ ಬಾಲ್ಯದ ನೆಲ. ಇತಿಹಾಸದ ಪ್ರಕಾರ ಈ ಭಾಗವು 1936ರ ಬೇಸಿಗೆಯಿಂದ 1938ರ ವಸಂತದವರೆಗೆ ಗಣರಾಜ್ಯದ ಕಡೆಯವರ, ಮುಖ್ಯವಾಗಿ ಅರಾಜಕತಾವಾದಿ ಪಡೆಗಳ, ಹಿಡಿತದಲ್ಲಿತ್ತು. ದಂಗೆಕೋರರ ವಶದಲ್ಲಿದ್ದುದು ಉವೆಸ್ಕಾ, ಸರಗೋಸಾದಂತಹ ನಗರಗಳು. ಆರ್ವೆಲ್ ಕಂದಕಗಳಲ್ಲಿ ಕಾವಲಿದ್ದದ್ದು ಈ ಎರಡರ ನಡುವಿನ ಗಡಿಯಲ್ಲಿ. ಈ ಪೂರ್ವ ಅರಗಾನ್‌ನಲ್ಲಿ ಮೊದಲ ತಿಂಗಳುಗಳಲ್ಲಿ ಕೊಲೆಯಾದವರಲ್ಲಿ ಪಾದ್ರಿಗಳ ಸಂಖ್ಯೆ ದೊಡ್ಡದು. ಬರ್ಬಾಸ್ತ್ರೊ ಧರ್ಮಪ್ರಾಂತದ ಬಿಷಪ್‌ನನ್ನು 1936ರ ಆಗಸ್ಟ್‌ನಲ್ಲಿ ಕೊಲ್ಲಲಾಯಿತು; ಅಲ್ಲಿನ ಗುರುವರ್ಗದ ಬಹುಪಾಲು ನಾಶವಾಯಿತು. ಇಡೀ ಸ್ಪೇನಿನಲ್ಲಿ ಗಣರಾಜ್ಯದ ಭಾಗಗಳಲ್ಲಿ ಕೊಲೆಯಾದ ಗುರುಗಳು ಮತ್ತು ಸನ್ಯಾಸಿಗಳ ಸಂಖ್ಯೆ ಆರು ಸಾವಿರವನ್ನು ಮೀರುತ್ತದೆ.

ಹಾಗಾದರೆ ಮೊಸೆನ್ ಮಿಲ್ಯಾನ್‌ನಂಥ ಪಾದ್ರಿ, ಅಂಥ ಹಳ್ಳಿಯಲ್ಲಿ, 1936ರ ಬೇಸಿಗೆಯಲ್ಲಿ ಸಾಕ್ಷಿಯಾಗಿ ಉಳಿಯುವುದಕ್ಕಿಂತ ಬಲಿಯಾಗುವ ಸಾಧ್ಯತೆಯೇ ಹೆಚ್ಚಿತ್ತು. ಕಾದಂಬರಿಯು ಇದನ್ನು ಕಾಣಿಸುವುದಿಲ್ಲ. ಇದನ್ನು ಪಕ್ಷಪಾತವೆಂದು ಕರೆಯಬಹುದೇ? ಸ್ಪೇನಿನ ಬಿಷಪ್‌ಗಳು 1937ರ ಜುಲೈನಲ್ಲಿ ಹೊರಡಿಸಿದ ಸಾಮೂಹಿಕ ಪತ್ರವು ದಂಗೆಯನ್ನು ಬಹಿರಂಗವಾಗಿ ಸಮರ್ಥಿಸಿತ್ತು. ಗೆದ್ದವರ ಆಳ್ವಿಕೆಯಲ್ಲಿ ಸತ್ತ ಪಾದ್ರಿಗಳಿಗೆ ಸ್ಮಾರಕಗಳೂ ಪೂಜೆಗಳೂ ಸಂದುವು. ಸತ್ತ ಪಾಕೊಗಳಿಗೆ ಗುರುತಿಲ್ಲದ ಗುಂಡಿಗಳಷ್ಟೇ ಉಳಿದುವು. ಸೆಂದೆರ್ ಬರೆಯುತ್ತಿದ್ದುದು ಈ ಅಸಮತೆಯ ನಡುವೆ ಎಂಬುದನ್ನು ಮರೆಯಲಾಗದು. ಆದರೂ ವಿವರಣೆ ಇಷ್ಟಕ್ಕೇ ನಿಲ್ಲಬಾರದು. ಉವೆಸ್ಕಾದಲ್ಲಿ ತಮ್ಮನನ್ನು, ಸಮೋರಾದಲ್ಲಿ ಹೆಂಡತಿಯನ್ನು ಕೊಂದ ಹಿಂಸೆಯ ಮಾದರಿಯನ್ನು ಅವನು ತನಗೆ ಅತ್ಯಂತ ಆಪ್ತವಾದ ನೆಲಕ್ಕೆ ತಂದು ನೆಟ್ಟನೆಂದು ಊಹಿಸಲು ಅವಕಾಶವಿದೆ. ತಾನು ನೋಡದ ಸಾವುಗಳನ್ನು ಕಲ್ಪಿಸಿಕೊಳ್ಳಲು ಅವನಿಗೆ ತಾನು ಬಲ್ಲ ಬೀದಿ, ಬಲ್ಲ ಇಗರ್ಜಿ, ಬಲ್ಲ ಪಾದ್ರಿಯ ದನಿ ಬೇಕಾಗಿದ್ದಿರಬೇಕು. ಆದುದರಿಂದ 'ರೆಕ್ವಿಯೆಂ' ಅನ್ನು ಒಂದು ಪ್ರದೇಶದ ದಾಖಲೆಯಾಗಿ ಓದಿದರೆ ಅದು ತಪ್ಪು ಹೇಳುತ್ತದೆ. ಒಂದು ಸಂಬಂಧದ ದಾಖಲೆಯಾಗಿ ಓದಿದರೆ ನಿಜ ಹೇಳುತ್ತದೆ. ಸಂಶೋಧಕರು ಇವೆರಡನ್ನೂ ಬೇರ್ಪಡಿಸಿಕೊಂಡೇ ಕೃತಿಯನ್ನು ಬಳಸಬೇಕು.

6. ಗಾರ್ಸೆಸ್: ಸತ್ತವನ ಹೆಸರಿನಲ್ಲಿ ಆತ್ಮಕಥೆ

ಸೆಂದೆರ್‌ನ ಇನ್ನೊಂದು ದೊಡ್ಡ ಸಾಧನೆ 'ಕ್ರೋನಿಕಾ ದೆಲ್ ಆಲ್ಬಾ', ಅಂದರೆ 'ಮುಂಜಾವಿನ ಚರಿತೆ'. 1942ರಿಂದ 1966ರವರೆಗೆ ಬೆಳೆದ ಈ ಮಾಲೆಯಲ್ಲಿ ಒಂಬತ್ತು ಕಥನಗಳಿವೆ. 1939ರಲ್ಲಿ ಗಡಿ ದಾಟಿ ಫ್ರಾನ್ಸಿಗೆ ಬಂದ ಸೋತ ಸೈನಿಕರನ್ನು ಕೂಡಿಹಾಕಿದ ಆರ್ಜೆಲೆಸ್ ಶಿಬಿರದಲ್ಲಿ ಹೋಸೆ ಗಾರ್ಸೆಸ್ ಎಂಬ ಅಧಿಕಾರಿ ತನ್ನ ಬಾಲ್ಯದ ನೆನಪುಗಳನ್ನು ಬರೆಯುತ್ತಾನೆ, ಅಲ್ಲಿಯೇ ಸಾಯುತ್ತಾನೆ. ಅರಗಾನ್‌ನ ಹಳ್ಳಿ, ವಲೆಂತೀನಾ ಎಂಬ ಬಾಲಕಿಯ ಮೇಲಿನ ಮುಗ್ಧ ಪ್ರೀತಿ, ಕಠೋರನಾದ ತಂದೆ, ಓದು, ಮೊದಲ ರಾಜಕೀಯ ಅನುಭವಗಳು ಇಲ್ಲಿ ಹರಡಿಕೊಂಡಿವೆ.

ಲೇಖಕನ ಪೂರ್ಣ ಹೆಸರು ರಮೋನ್ ಹೋಸೆ ಸೆಂದೆರ್ ಗಾರ್ಸೆಸ್. ಸ್ಪೇನಿನ ಪದ್ಧತಿಯಂತೆ ಎರಡನೆಯ ಕುಲನಾಮ ತಾಯಿಯದು. ಹೀಗೆ ತನ್ನದೇ ನಡುಹೆಸರು ಮತ್ತು ತಾಯಿಯ ಕುಲನಾಮವನ್ನು ಹೊತ್ತ ಪಾತ್ರವನ್ನು ಅವನು ಶಿಬಿರದಲ್ಲಿ 'ಸಾಯಿಸಿ', ಬದುಕುಳಿದ ತನಗೆ ಆ ಹಸ್ತಪ್ರತಿಗಳನ್ನು ಪ್ರಕಟಿಸುವವನ ಸ್ಥಾನವನ್ನಷ್ಟೇ ಉಳಿಸಿಕೊಂಡನು. ಬದುಕುಳಿದವನಿಗೆ ತನ್ನ ಕಥೆಯನ್ನು ನೇರವಾಗಿ ಹೇಳುವ ಹಕ್ಕಿದೆಯೇ ಎಂಬ ಸಂಕೋಚ ಈ ಏರ್ಪಾಡಿನ ಹಿಂದಿದೆ. ಮೊಸೆನ್ ಮಿಲ್ಯಾನ್ ಬದುಕಿದ್ದು ಸತ್ತವನನ್ನು ನೆನೆಯುತ್ತಾನೆ. ಗಾರ್ಸೆಸ್ ಸತ್ತು, ಬದುಕಿರುವವನ ಬಾಲ್ಯವನ್ನು ಕೊಟ್ಟು ಹೋಗುತ್ತಾನೆ. ಎರಡೂ ಕೃತಿಗಳಲ್ಲಿ ಹೇಳುವವನು ಮತ್ತು ಸತ್ತವನು ಪರಸ್ಪರ ಋಣದಲ್ಲಿ ಬಂಧಿತರು.

7. ಮೌನಗಳು

ಸೆಂದೆರ್‌ನ ಮಿತಿಗಳನ್ನೂ ಇಲ್ಲಿಯೇ ಗುರುತಿಸಬೇಕು. ಪಾಕೊವಿನ ಹೆಂಡತಿ ಆಗೆದಾ ಕೃತಿಯಲ್ಲಿ ಬಹುತೇಕ ಮಾತನಾಡುವುದೇ ಇಲ್ಲ. ಸೂಲಗಿತ್ತಿ ಹೆರೋನಿಮಾಳಿಗೆ ಮಾತುಂಟು. ಆದರೆ ಅವಳ ಮಾತನ್ನು ಊರು ಹರಟೆಯೆಂದೇ ಕೇಳುತ್ತದೆ. ಊರಿನ ನೆನಪನ್ನು ಹಾಡಾಗಿ ಉಳಿಸುವುದು ಸಾಧ್ಯವಾದಾಗ, ಸತ್ತವನ ಮನೆಯ ಹೆಂಗಸಿನ ನೆನಪಿಗೆ ಮಾತ್ರ ಕಾದಂಬರಿಯಲ್ಲಿ ಜಾಗ ಸಿಗಲಿಲ್ಲ. ಇಷ್ಟೊಂದು ಬರೆದ ಲೇಖಕ ಅಂಪಾರೊವಿನ ಸಾವನ್ನೇ ಕೇಂದ್ರದಲ್ಲಿಟ್ಟು ಕಾದಂಬರಿಯೊಂದನ್ನು ಬರೆಯಲಿಲ್ಲ. ಮನೆಯಲ್ಲಿಯೂ ಅದನ್ನು ಕುರಿತು ಅವನು ಮಾತನಾಡಲು ಬಯಸುತ್ತಿರಲಿಲ್ಲ. ಆ ಕೆಲಸವನ್ನು ಮಾಡಿದವನು ಮಗ, ಸಂಗೀತ ಸಂಯೋಜಕನಾಗಿ ಹೆಸರಾದ ರಮೋನ್ ಸೆಂದೆರ್ ಬರಯೋನ್. ತಂದೆಯ ಮರಣಾನಂತರ ತಾಯಿಯ ಊರಿಗೆ ಹೋಗಿ, ಬಂಧುಗಳನ್ನೂ ಸಹಬಂದಿಗಳಾಗಿದ್ದವರನ್ನೂ ಮಾತನಾಡಿಸಿ ಅವನು ಬರೆದ 'ಎ ಡೆತ್ ಇನ್ ಸಮೋರಾ' 1989ರಲ್ಲಿ ಪ್ರಕಟವಾಯಿತು. ತಾಯಿ, ತಂದೆ ಇಬ್ಬರ ಕುಲನಾಮಗಳನ್ನೂ ಹೊತ್ತ ಲೇಖಕನ ಈ ಪುಸ್ತಕವನ್ನು 'ರೆಕ್ವಿಯೆಂ' ಜೊತೆಯಲ್ಲಿ ಓದುವುದು ಅಗತ್ಯ. ತಂದೆ ಕಲ್ಪನೆಯ ಮೂಲಕ ಸುತ್ತಿ ಬಂದ ಜಾಗಕ್ಕೆ ಮಗ ದಾಖಲೆಗಳ ಮೂಲಕ ನೇರವಾಗಿ ಹೋದನು.

ರಾಜಕೀಯವಾಗಿಯೂ ಸೆಂದೆರ್ ಒಂಟಿಯಾದನು. ಯುದ್ಧಕಾಲದಲ್ಲಿಯೇ ಕಮ್ಯುನಿಸ್ಟರೊಡನೆ ಸಂಬಂಧ ಕೆಟ್ಟಿತು; ಅನಂತರದ ಬರಹಗಳಲ್ಲಿ ಅವರ ಬಗೆಗಿನ ಕಹಿ ಹಲವೆಡೆ ವಿವೇಚನೆಯನ್ನು ಮಸುಕುಗೊಳಿಸಿದೆ. ತಾನು ಸಮರ್ಥಿಸುತ್ತಿದ್ದವರ ತಪ್ಪನ್ನೂ ಬರೆದ ಕಾಸಾಸ್ ವಿಯೇಹಾಸ್‌ನ ವರದಿಗಾರನ ಸಮತೋಲ ಆ ಪುಟಗಳಲ್ಲಿ ಇಲ್ಲ. 1969ರಲ್ಲಿ, ಫ್ರಾಂಕೋ ಇನ್ನೂ ಆಳುತ್ತಿದ್ದಾಗಲೇ, ಸ್ಪೇನಿನ ಪ್ಲನೇತಾ ಪ್ರಶಸ್ತಿ ಅವನಿಗೆ ಬಂದದ್ದು ದೇಶಭ್ರಷ್ಟ ಲೇಖಕರ ಪುನಃಪ್ರವೇಶದ ಗುರುತಾಗಿತ್ತು. ಆದರೆ ಪ್ರಶಸ್ತಿ ಪಡೆದ ಕಾದಂಬರಿ ಅವನ ಶ್ರೇಷ್ಠ ಕೃತಿಗಳ ಸಾಲಿಗೆ ಸೇರುವುದಿಲ್ಲ.

8. ಉಪಸಂಹಾರ

1975ರ ನವೆಂಬರ್‌ನಲ್ಲಿ ಫ್ರಾಂಕೋ ತೀರಿಕೊಂಡ ಬಳಿಕ ಸ್ಪೇನ್ ಪ್ರಜಾಪ್ರಭುತ್ವಕ್ಕೆ ಮರಳಿತು. 1977ರ ಕ್ಷಮಾದಾನದ ಕಾನೂನು ಎರಡೂ ಕಡೆಯ ರಾಜಕೀಯ ಅಪರಾಧಗಳನ್ನು ವಿಚಾರಣೆಯಿಂದ ಹೊರಗಿಟ್ಟಿತು. ಯುದ್ಧದ ಹಳೆಯ ಗುಂಡಿಗಳನ್ನು ತೆರೆಯುವುದಕ್ಕೆ, ಸತ್ತವರನ್ನು ಗುರುತಿಸುವುದಕ್ಕೆ ನೆರವಾಗುವ ಕಾನೂನುಗಳು ಬಂದದ್ದು 2007ರಲ್ಲಿ ಮತ್ತು 2022ರಲ್ಲಿ. ಕ್ಷಮೆ ಮೊದಲು ಬಂದು ನಿವೇದನೆ ಮೂವತ್ತು ವರ್ಷ ತಡವಾಗಿ ಆರಂಭವಾದ ಈ ಕ್ರಮವನ್ನು ನೋಡಿದರೆ, ಸೆಂದೆರ್‌ನ ಕಿರುಕಾದಂಬರಿಯು 1953ರಲ್ಲಿಯೇ ಮುಟ್ಟಿದ ಪ್ರಶ್ನೆಯ ತೂಕ ತಿಳಿಯುತ್ತದೆ. ತಪ್ಪು ಮಾಡಿದವನು ಮಾತನಾಡದೆ, ಕ್ಷಮೆಯ ವಿಧಿಯನ್ನಷ್ಟೇ ನೆರವೇರಿಸಿದರೆ ಇಗರ್ಜಿ ಖಾಲಿಯಾಗಿಯೇ ಉಳಿಯುತ್ತದೆ.

ಸೆಂದೆರ್‌ನ ಹೆಚ್ಚುಗಾರಿಕೆಯೆಂದರೆ, ತನಗೆ ಇಷ್ಟು ಹಾನಿ ಮಾಡಿದ ವ್ಯವಸ್ಥೆಯ ಪ್ರತಿನಿಧಿಯನ್ನು ರಾಕ್ಷಸನನ್ನಾಗಿ ಮಾಡದೆ, ಪ್ರೀತಿಯುಳ್ಳ, ಹೆದರಿದ, ಮುದಿ ಮನುಷ್ಯನನ್ನಾಗಿ ಕಂಡು, ಆ ಕಾರಣಕ್ಕಾಗಿ ಅವನ ಹೊಣೆಯನ್ನು ಎಳ್ಳಷ್ಟೂ ಕಡಿಮೆ ಮಾಡದಿರುವುದು. ದ್ವೇಷದಿಂದ ಬರೆದಿದ್ದರೆ ಮೊಸೆನ್ ಮಿಲ್ಯಾನ್‌ನನ್ನು ಓದುಗರು ಸುಲಭವಾಗಿ ತಳ್ಳಿಹಾಕಿ ತಮ್ಮನ್ನು ಬೇರೆಯವರೆಂದುಕೊಳ್ಳಬಹುದಿತ್ತು. ಸೆಂದೆರ್ ಆ ಅನುಕೂಲವನ್ನು ಕೊಡುವುದಿಲ್ಲ. ಅಂತರ್ಯುದ್ಧವನ್ನು ರಣರಂಗದ ಕಥೆಯಾಗಿ ಬರೆದ ಕೃತಿಗಳು ಹಲವಾರಿವೆ. ಒಬ್ಬರನ್ನೊಬ್ಬರು ತೊಟ್ಟಿಲಿನಿಂದ ಬಲ್ಲವರ ನಡುವೆ ಅದು ಹೇಗೆ ನಡೆಯುತ್ತದೆ ಎಂಬುದನ್ನು ಇಷ್ಟು ಚಿಕ್ಕ ಹರಹಿನಲ್ಲಿ ತೋರಿಸಿದ ಕೃತಿಗಳು ವಿರಳ. ಸ್ಪ್ಯಾನಿಷ್ ಕಾದಂಬರಿಯ ಅಧ್ಯಯನದಲ್ಲಿ, ಹಾಗೆಯೇ ಹಿಂಸೆ ಮತ್ತು ನೆನಪಿನ ಸಾಹಿತ್ಯವನ್ನು ಕುರಿತ ಯಾವುದೇ ತೌಲನಿಕ ಅಧ್ಯಯನದಲ್ಲಿ, 'ರೆಕ್ವಿಯೆಂ' ಕೃತಿಗೆ ಕೇಂದ್ರಸ್ಥಾನ ಸಲ್ಲಬೇಕಾದುದು ಈ ಕಾರಣಕ್ಕಾಗಿ.